ಮಾತ್ರೆಯೋ, ಅಬ್ಲೇಶನ್ನೋ: ಪಕ್ಷಾಂತರಿಗಳನ್ನು ಯಾರ ಲೆಕ್ಕಕ್ಕೆ ಹಾಕೋದು?

ಇದ್ದಕ್ಕಿದ್ದಂತೆ ಎದೆ ಡವಡವ ಅನ್ನುತ್ತೆ. ಇಸಿಜಿ ತೆಗೆಸಿದರೆ ‘ಏಟ್ರಿಯಲ್ ಫಿಬ್ರಿಲೇಶನ್’ ಅಂತಾರೆ. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡಿಕೊಳ್ಳದೆ ಸುಮ್ಮನೆ ನಡುಗುತ್ತಿರುತ್ತವೆ, ನಾಡಿ ತಾಳ ತಪ್ಪುತ್ತೆ. ಇದಕ್ಕೆ ಎರಡು ದಾರಿ. ಒಂದು, ತಾಳ ಅಥವಾ ವೇಗವನ್ನು ಹಿಡಿತದಲ್ಲಿಡುವ ಮಾತ್ರೆ. ಇನ್ನೊಂದು ಅಬ್ಲೇಶನ್: ತೊಡೆಸಂದಿನ ರಕ್ತನಾಳದಿಂದ ಹೃದಯದೊಳಗೆ ತೆಳು ಕೊಳವೆ ಕಳಿಸಿ, ತಪ್ಪು ವಿದ್ಯುತ್ ಸಂಕೇತ ಬರುವ ಜಾಗದ ಸುತ್ತ ಸುಟ್ಟೋ ಹೆಪ್ಪುಗಟ್ಟಿಸಿಯೋ ಅದರ ದಾರಿ ಮುಚ್ಚುವುದು. ಎಂಜಿನಿಯರಿಂಗ್ ಓದಿದ ನನ್ನಂಥವರಿಗೆ ಎರಡನೆಯದೇ ಸರಿ ಅನಿಸುತ್ತೆ. ಫಾಲ್ಟ್ ಹುಡುಕು, ವೈರ್ ಕಟ್ ಮಾಡು!

ಆದರೆ ಲೆಕ್ಕ ಅಷ್ಟು ಸಲೀಸಲ್ಲ. 10 ದೇಶಗಳ 2,204 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ ‘ಕಬಾನಾ’ ಅಧ್ಯಯನ 2019ರಲ್ಲಿ ಪ್ರಕಟವಾಯ್ತು. ಸಾವು, ಅಂಗವಿಕಲಗೊಳಿಸುವ ಪಾರ್ಶ್ವವಾಯು, ಗಂಭೀರ ರಕ್ತಸ್ರಾವ, ಹೃದಯ ಸ್ತಂಭನ, ಇವೆಲ್ಲ ಸೇರಿ ಅಬ್ಲೇಶನ್ ಗುಂಪಿನಲ್ಲಿ ಶೇ 8, ಮಾತ್ರೆ ಗುಂಪಿನಲ್ಲಿ ಶೇ 9.2. ಈ ಅಂತರ ಬರೀ ಆಕಸ್ಮಿಕವೂ ಆಗಿರಬಹುದು.

ಇಲ್ಲೇ ಇರೋದು ತಕರಾರು. ಮಾತ್ರೆ ಗುಂಪಿನ ಶೇ 27.5ರಷ್ಟು ಜನ ಆಮೇಲೆ ಅಬ್ಲೇಶನ್ ಮಾಡಿಸಿಕೊಂಡರು. ಅದೇ 2019ರಲ್ಲಿ ನಮ್ಮ ವಿಧಾನಸಭೆಯಲ್ಲಿ 17 ಶಾಸಕರು ಅನರ್ಹರಾದದ್ದು ನೆನಪಿದೆಯಲ್ಲ? ಗೆದ್ದ ಟಿಕೆಟ್ ಯಾವುದು, ಈಗ ಕೂತಿರೋದು ಎಲ್ಲಿ, ಯಾವುದನ್ನು ಎಣಿಸಬೇಕು? ನಿಜವಾಗಿ ಪಡೆದ ಚಿಕಿತ್ಸೆಯ ಪ್ರಕಾರ ಎಣಿಸಿದರೆ ಶೇ 7 ಮತ್ತು ಶೇ 10.9, ಅಬ್ಲೇಶನ್‌ಗೇ ಜಯ. ನನಗೆ ಚೀಟಿ ಪ್ರಕಾರದ ಎಣಿಕೆಯ ಮೇಲೇ ಹೆಚ್ಚು ನಂಬಿಕೆ. ಯಾಕಂದ್ರೆ ಯಾರು ಜಿಗಿದರು, ಯಾರು ಉಳಿದರು ಅನ್ನೋದು ಚೀಟಿಯಿಂದ ನಿರ್ಧಾರವಾಗಿಲ್ಲ. ತೀರಾ ನಿಶ್ಶಕ್ತರಾಗಿ ಅಬ್ಲೇಶನ್ ಆಗದೇ ಹೋದವರೂ ಮಾತ್ರೆಯ ಲೆಕ್ಕಕ್ಕೇ ಬಂದುಬಿಟ್ಟರೆ ಮಾತ್ರೆ ಸೋಲಲೇಬೇಕು.

ಹಾಗಂತ ಅಬ್ಲೇಶನ್ ದಂಡ ಅಲ್ಲ. ಅದೇ ಅಧ್ಯಯನದಲ್ಲಿ ತಾಳ ಮತ್ತೆ ತಪ್ಪುವುದು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು, ಜನ ನೆಮ್ಮದಿಯಾಗಿದ್ದರು. ಹೃದಯ ವೈಫಲ್ಯವೂ ಇದ್ದವರ ಕತೆಯೇ ಬೇರೆ. 2018ರ ‘ಕ್ಯಾಸಲ್-ಎಎಫ್’ನಲ್ಲಿ ಸಾವು ಅಥವಾ ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರುವುದು ಮಾತ್ರೆಯವರಲ್ಲಿ ಶೇ 44.6, ಅಬ್ಲೇಶನ್‌ನವರಲ್ಲಿ ಶೇ 28.5. ಅದು 363 ಜನರ ಸಣ್ಣ ಅಧ್ಯಯನ, ನಿಜ. ಆದರೂ ಇಷ್ಟು ಅಂತರವನ್ನು ತಳ್ಳಿಹಾಕೋಕೆ ಆಗಲ್ಲ.

ಹಾಗಾಗಿ ಲಕ್ಷಗಟ್ಟಲೆ ಬಿಲ್ ಮುಂದಿಟ್ಟು ‘ಆಯಸ್ಸು ಹೆಚ್ಚುತ್ತೆ’ ಅಂದರೆ, ‘ನಮ್ಮಪ್ಪನಂಥ ರೋಗಿಗೂನಾ ಡಾಕ್ಟ್ರೇ?’ ಅಂತ ಕೇಳಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಯನ್ನೂ ಅಬ್ಲೇಶನ್ ಆಯ್ತು ಅಂತ ನೀವೇ ನಿಲ್ಲಿಸಬೇಡಿ. ಅದು ಎಷ್ಟು ದಿನ ಬೇಕು ಅನ್ನೋದು ಪಾರ್ಶ್ವವಾಯುವಿನ ಅಪಾಯ ಎಷ್ಟಿದೆ ಅನ್ನೋದರ ಮೇಲೆ ನಿಂತಿದೆ, ನಾಡಿ ಸರಿಹೋಯ್ತಾ ಅನ್ನೋದರ ಮೇಲಲ್ಲ.