ದನಿಯನ್ನು ಅಂಕಿಯಾಗಿಸುವ ಪೆಟ್ಟಿಗೆ: ಕಟ್ಟುವುದೋ, ಕೊಳ್ಳುವುದೋ?

ಚಿಂತಾಮಣಿ ತಾಲ್ಲೂಕಿನ ಕೈವಾರದ ಹೆಸರು ಕೇಳದವರು ಈ ಸೀಮೆಯಲ್ಲಿ ಅಪರೂಪ. ಕೈವಾರ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ರಚಿಸಿದ ಪದಗಳನ್ನು ಹಾಡುವ ಭಜನೆ ಮೇಳಗಳು, ಮದುವೆ ಮನೆಯಲ್ಲಿ ಸೋಬಾನೆ ಹೇಳುವ ಅಜ್ಜಿಯರು, ಊರ ಜಾತ್ರೆಯ ನಾಗಸ್ವರ, ಇವೆಲ್ಲ 1980 ಮತ್ತು 90ರ ದಶಕಗಳಲ್ಲಿ ಎಷ್ಟೋ ಮನೆಗಳ ಕ್ಯಾಸೆಟ್ಟುಗಳಲ್ಲಿ ಸೇರಿಹೋದವು. ಆ ಕ್ಯಾಸೆಟ್ಟುಗಳು ಈಗ ಹಳತಾಗಿವೆ. ಟೇಪು ಅಂಟಿಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ, ಕೆಲವನ್ನು ಇನ್ನೊಂದೆರಡು ಬಾರಿಗಿಂತ ಹೆಚ್ಚು ನುಡಿಸಲಾಗದು. ಅವುಗಳಲ್ಲಿರುವ ದನಿಯನ್ನು ಉಳಿಸಬೇಕಾದರೆ ಅದನ್ನು ಅಂಕಿಗಳಾಗಿ ಮಾಡಿ ಗಣಕಕ್ಕೆ ಸೇರಿಸಬೇಕು. ಈ ಕೆಲಸ ಮಾಡುವ ಸಾಧನವೇ ಡಿಜಿಟೈಸರ್. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದೂ ಉಂಟು, ಬಿಡಿಭಾಗ ತಂದು ನಾವೇ ಬೆಸುಗೆ ಹಾಕಿ ಕಟ್ಟುವುದೂ ಉಂಟು. ಎರಡರಲ್ಲಿ ಯಾವುದು ಮೇಲು?

ಮೊದಲು ಕೆಲಸ ಏನೆಂದು ನೋಡೋಣ. ಮೈಕ್ರೊಫೋನಿನ ಮುಂದೆ ಹಾಡಿದಾಗ ಗಾಳಿಯ ಒತ್ತಡದ ಏರಿಳಿತವು ವೋಲ್ಟೇಜಿನ ಏರಿಳಿತವಾಗುತ್ತದೆ. ಅದು ಎಲ್ಲಿಯೂ ಕಡಿಯದ ಗೆರೆ. ಗಣಕಕ್ಕೆ ಗೆರೆ ತಿಳಿಯದು, ಅಂಕಿ ಬೇಕು. ಆದ್ದರಿಂದ ವೋಲ್ಟೇಜನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಒಂದೊಂದು ಅಳತೆಯನ್ನೂ ಸಂಖ್ಯೆಯಾಗಿ ಬರೆದಿಡುತ್ತೇವೆ. ಎಷ್ಟು ಸಲ ಅಳೆಯಬೇಕು ಎಂಬುದಕ್ಕೆ ನೈಕ್ವಿಸ್ಟ್ 1928ರಲ್ಲೂ ಶ್ಯಾನನ್ 1949ರಲ್ಲೂ ಪ್ರಕಟಿಸಿದ ಬರೆಹಗಳು ಆಧಾರ: ದನಿಯಲ್ಲಿರುವ ಅತಿ ಹೆಚ್ಚಿನ ಆವೃತ್ತಿಯ ಎರಡು ಪಟ್ಟಿಗಿಂತ ಹೆಚ್ಚು ಸಲ. ಎಷ್ಟು ನುಣುಪಾಗಿ ಅಳೆಯಬೇಕು ಎಂಬುದನ್ನು ಬಿಟ್ಟುಗಳು ಹೇಳುತ್ತವೆ. 8 ಬಿಟ್ಟಿಗೆ 256 ಮೆಟ್ಟಿಲು, 16 ಬಿಟ್ಟಿಗೆ 65,536 ಮೆಟ್ಟಿಲು. ಡಿಜಿಟಲ್ ದೂರವಾಣಿ ಜಾಲದಲ್ಲಿ ಸೆಕೆಂಡಿಗೆ 8,000 ಸಲ, 8 ಬಿಟ್ಟು, ಸಂಗೀತದ ಸಿ.ಡಿ.ಯಲ್ಲಿ 44,100 ಸಲ, 16 ಬಿಟ್ಟು. ಇದರ ವೆಚ್ಚವನ್ನು ಲೆಕ್ಕ ಹಾಕಿ ನೋಡಿ. ಹಿಂದಿನ 1.44 ಮೆಗಾಬೈಟ್ ಫ್ಲಾಪಿಯಲ್ಲಿ ದೂರವಾಣಿ ಗುಣಮಟ್ಟದ ಮಾತು ಸುಮಾರು 3 ನಿಮಿಷ ಹಿಡಿಸುತ್ತಿತ್ತು. ಸಿ.ಡಿ. ಗುಣಮಟ್ಟದ ಹಾಡು, ಒಂದೇ ಚಾನೆಲ್ಲಿನದಾದರೂ, 17 ಸೆಕೆಂಡು ಕೂಡ ಹಿಡಿಸುತ್ತಿರಲಿಲ್ಲ. ಪಲ್ಲವಿಯೇ ಮುಗಿಯದು!

ಕಟ್ಟುವ ಹುಚ್ಚು ಹುಟ್ಟಿದ್ದು ಈ ಬಡತನದ ಕಾಲದಲ್ಲಿಯೇ. 1987ರಲ್ಲಿ ಅಮೆರಿಕದ ಕೊವಾಕ್ಸ್ ಸಂಸ್ಥೆ ಪ್ರಿಂಟರ್ ಕಿಂಡಿಗೆ ಸಿಕ್ಕಿಸುವ ಪುಟ್ಟ ಸಾಧನವೊಂದನ್ನು ಮಾರಿತು. ಅದರೊಳಗೆ ಇದ್ದದ್ದು ಮುಖ್ಯವಾಗಿ ರೋಧಕಗಳ ಏಣಿ. ಅದು ಅಂಕಿಯನ್ನು ದನಿಯಾಗಿಸುತ್ತಿತ್ತೇ ಹೊರತು ದನಿಯನ್ನು ಅಂಕಿಯಾಗಿಸುತ್ತಿರಲಿಲ್ಲ. ನೋಡಿದ ಹವ್ಯಾಸಿಗಳು, ಇದನ್ನು ನಾವೇ ಮಾಡಬಹುದಲ್ಲ ಎಂದು ಮಾಡಿಯೂ ಬಿಟ್ಟರು. 1989ರ ಸೌಂಡ್ ಬ್ಲಾಸ್ಟರ್ ಕಾರ್ಡು ದನಿಮುದ್ರಣವನ್ನೂ ಮಾಡಿತು, 8 ಬಿಟ್ಟಿನಲ್ಲಿ. 1992ರ ಸೌಂಡ್ ಬ್ಲಾಸ್ಟರ್ 16 ಸಿ.ಡಿ.ಯ ಮಟ್ಟ ಮುಟ್ಟಿತು. ನಮ್ಮ ಹೆಚ್ಚಿನ ವಿದ್ಯಾರ್ಥಿಗಳ ಕೈಗೆ ಇವು ಎಟುಕುವ ವಸ್ತುಗಳಾಗಿರಲಿಲ್ಲ. ಉಳಿದ ದಾರಿ ಒಂದೇ: ಪತ್ರಿಕೆಯಲ್ಲಿ ಬಂದ ಮಂಡಲದ ಚಿತ್ರ ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಸ್ಸು ಹತ್ತುವುದು.

ಅಲ್ಲಿ ಕೇಳಿದ ತಕ್ಷಣ ಸಿಗುವ ಚಿಪ್ಪು ಎಡಿಸಿ 0804. ಅಗ್ಗದ್ದು, 8 ಬಿಟ್ಟಿನದು. ಅದು ಒಂದು ಅಳತೆಗೆ ಸುಮಾರು 100 ಮೈಕ್ರೊಸೆಕೆಂಡು ತೆಗೆದುಕೊಳ್ಳುತ್ತದೆ. ಎಂದರೆ ಸೆಕೆಂಡಿಗೆ ಒಂಬತ್ತು ಸಾವಿರದ ಆಸುಪಾಸು ಅಳತೆ, ಅಂದರೆ 4,000 ಹರ್ಟ್ಸ್‌ವರೆಗಿನ ದನಿ. ದೂರವಾಣಿಗೆ ಸಾಕು ಎನ್ನುತ್ತೀರಿ. ಆದರೆ ಇಲ್ಲೊಂದು ತೊಡಕಿದೆ, ಹೊಸಬರು ಎಡವುವುದೂ ಇಲ್ಲಿಯೇ. ಚಿಪ್ಪು ಅಳೆಯುತ್ತಿರುವಾಗ ವೋಲ್ಟೇಜು ಸುಮ್ಮನೆ ನಿಂತಿರುವುದಿಲ್ಲ. ಪೂರ್ಣ ಎತ್ತರದ ಅಲೆಯೊಂದು ಸೆಕೆಂಡಿಗೆ 12 ಸಲಕ್ಕಿಂತ ವೇಗವಾಗಿ ಕಂಪಿಸಿದರೆ ಸಾಕು, ಅಳತೆ ಮುಗಿಯುವಷ್ಟರಲ್ಲಿ ವೋಲ್ಟೇಜು ಒಂದು ಮೆಟ್ಟಿಲಿಗಿಂತ ಹೆಚ್ಚು ಸರಿದಿರುತ್ತದೆ. ಗಂಡಸಿನ ಮಾತೇ 100 ಹರ್ಟ್ಸ್ ಆಸುಪಾಸಿನದು! ಆದ್ದರಿಂದ ಚಿಪ್ಪಿನ ಮುಂದೆ, ವೋಲ್ಟೇಜನ್ನು ಕ್ಷಣಕಾಲ ಹಿಡಿದು ನಿಲ್ಲಿಸುವ ಎಲ್‌ಎಫ್ 398ರಂಥ ಇನ್ನೊಂದು ಚಿಪ್ಪು ಬೇಕು. ಅದನ್ನು ಬಿಟ್ಟು ಕಟ್ಟಿದ ಕಿಟ್ಟೂ ಕೆಲಸ ಮಾಡುತ್ತದೆ, ದನಿ ಮಾತ್ರ ಒಡಕಾಗಿರುತ್ತದೆ.

ಎರಡನೆಯ ತೊಡಕು ಇನ್ನೂ ಕಪಟಿ. ಸಿನೆಮಾದಲ್ಲಿ ಮುಂದಕ್ಕೆ ಓಡುವ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದನ್ನು ನೀವು ಗಮನಿಸಿರಬಹುದು. ದನಿಯಲ್ಲೂ ಹಾಗೆಯೇ. ಸೆಕೆಂಡಿಗೆ 8,000 ಸಲ ಅಳೆಯುವಾಗ 7,000 ಹರ್ಟ್ಸ್ ಸ್ವರ ಬಂದರೆ, ಗಣಕದಲ್ಲಿ ಅದು 1,000 ಹರ್ಟ್ಸ್ ಸ್ವರವಾಗಿ ದಾಖಲಾಗುತ್ತದೆ. ಭಜನೆಯ ಹಿತ್ತಾಳೆ ತಾಳವನ್ನು ನೆನೆಯಿರಿ. ಅದರ ಝಣತ್ಕಾರದ ಬಹುಭಾಗ 4,000 ಹರ್ಟ್ಸ್‌ಗಿಂತ ಮೇಲಿನದು. ಅದೆಲ್ಲ ಕೆಳಕ್ಕೆ ಮಡಚಿಕೊಂಡು ಹಾಡುಗಾರನ ದನಿಯ ಮೇಲೆ ಬಂದು ಕೂರುತ್ತದೆ. ಒಮ್ಮೆ ಹೀಗೆ ಬೆರೆತದ್ದನ್ನು ಆಮೇಲೆ ಯಾವ ತಂತ್ರಾಂಶವೂ ಸರಿಯಾಗಿ ಬೇರ್ಪಡಿಸಲಾರದು. ಅಳೆಯುವ ಮೊದಲೇ ಹೆಚ್ಚಿನ ಆವೃತ್ತಿಗಳನ್ನು ಕತ್ತರಿಸುವ ಕಡಿದಾದ ಫಿಲ್ಟರ್ ಬೇಕು. ಒಳ್ಳೆಯ ಫಿಲ್ಟರ್ ಕಟ್ಟುವುದು ಚಿಪ್ಪು ಕೂರಿಸುವುದಕ್ಕಿಂತ ಕಷ್ಟ, ಅದಕ್ಕೇ ಎಷ್ಟೋ ಕಿಟ್ಟುಗಳಲ್ಲಿ ಅದು ಇರುವುದೇ ಇಲ್ಲ.

ಇಂದು ಕೆಲವು ನೂರು ರೂಪಾಯಿಗೆ ಸಿಗುವ ಯುಎಸ್‌ಬಿ ಸೌಂಡ್ ಕಾರ್ಡು ಇವೆರಡನ್ನೂ ಒಂದೇ ಉಪಾಯದಿಂದ ಗೆಲ್ಲುತ್ತದೆ. ಅದು ಬಹಳ ಒರಟಾಗಿ, ಮೂಲ ರೂಪದಲ್ಲಿ ಒಂದೇ ಬಿಟ್ಟಿನಲ್ಲಿ, ಆದರೆ ಬೇಕಾದುದಕ್ಕಿಂತ ಹತ್ತಾರು ಪಟ್ಟು ವೇಗವಾಗಿ ಅಳೆದು, ಆಮೇಲೆ ಅಂಕಗಣಿತದಿಂದಲೇ ಫಿಲ್ಟರ್ ಮಾಡಿ 16 ಬಿಟ್ಟಿನ ಸಂಖ್ಯೆ ಕೊಡುತ್ತದೆ. ಕೈಯಲ್ಲಿ ಕಟ್ಟಿದ ಯಾವ ಎಡಿಸಿ 0804 ಕಿಟ್ಟೂ ಇದಕ್ಕೆ ಸಾಟಿಯಲ್ಲ. ಕ್ಯಾಸೆಟ್ಟಿನ ಗದ್ದಲಕ್ಕೂ ಗಟ್ಟಿ ದನಿಗೂ ಇರುವ ಅಂತರವೇ ಸುಮಾರು 50–60 ಡೆಸಿಬೆಲ್, ಬಿಟ್ಟಿಗೆ 6 ಡೆಸಿಬೆಲ್ಲಿನಂತೆ 8ರಿಂದ 10 ಬಿಟ್ಟು, ಹೀಗಿರುವಾಗ 8 ಬಿಟ್ಟು ಸಾಲದೇ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಸಾಲದು. ಅಜ್ಜಿ ಮೆಲ್ಲಗೆ ಹಾಡಿದ ಭಾಗ ಕೆಳಗಿನ ಹತ್ತೆಂಟು ಮೆಟ್ಟಿಲುಗಳಲ್ಲೇ ಸಿಕ್ಕಿಕೊಳ್ಳುತ್ತದೆ; ಅದನ್ನು ತಪ್ಪಿಸಲು ದನಿ ಏರಿಸಿಟ್ಟರೆ ಯಾರೋ ಗಟ್ಟಿಯಾಗಿ ಕೂಗಿದಾಗ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಮನೆಯಲ್ಲಿರುವ ಒಂದೇ ಒಂದು ಕ್ಯಾಸೆಟ್ಟಿನ ಮೇಲೆ ಹವ್ಯಾಸದ ಕಿಟ್ಟನ್ನು ಪ್ರಯೋಗಿಸಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಶಿಡ್ಲಘಟ್ಟದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ಗೂಡಿನಿಂದ ಚರಕದಲ್ಲೂ ನೂಲು ಬಿಚ್ಚುತ್ತಾರೆ, ಸ್ವಯಂಚಾಲಿತ ಯಂತ್ರದಲ್ಲೂ ಬಿಚ್ಚುತ್ತಾರೆ. ಎಳೆಯ ನಯ ಬೇರೆ.

ಹಾಗಾದರೆ ಕಟ್ಟುವುದೆಲ್ಲ ಬರಿಯ ಹುಡುಗಾಟವೇ? ಉತ್ತರಕ್ಕೆ ದೂರ ಹೋಗಬೇಕಿಲ್ಲ, ಗೌರಿಬಿದನೂರಿದೆ. ಅಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ, 1,000 ಡೈಪೋಲ್ ಆಂಟೆನಾಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದಂತೆ ಹರಡಿ, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸುವ ರೇಡಿಯೊ ದೂರದರ್ಶಕವನ್ನು ನಿಲ್ಲಿಸಿದವು. ಅದಕ್ಕೆ ಬೇಕಾದ 128 ಚಾನೆಲ್ಲಿನ ಡಿಜಿಟಲ್ ಗ್ರಾಹಕವನ್ನು ವಿಜ್ಞಾನಿಗಳು ತಾವೇ ಕಟ್ಟಿದರು. ಉದಯಶಂಕರ್ ಮತ್ತು ರವಿಶಂಕರ್ 1990ರಲ್ಲಿ ಅದರ ವಿವರ ಪ್ರಕಟಿಸಿದರು. ಅದರಲ್ಲಿ ಪ್ರತಿ ಅಳತೆಗೆ ಎಷ್ಟು ಬಿಟ್ಟು ಗೊತ್ತೇ? ಒಂದೇ ಒಂದು! ವೋಲ್ಟೇಜು ಸೊನ್ನೆಗಿಂತ ಮೇಲೋ ಕೆಳಗೋ, ಅಷ್ಟೇ ಪ್ರಶ್ನೆ. ಆಕಾಶದಿಂದ ಬರುವುದು ಹಾಡಲ್ಲ, ಗೊಂದಲದ ಗದ್ದಲ. ಎರಡು ಆಂಟೆನಾ ಗುಂಪುಗಳಲ್ಲಿ ಆ ಗದ್ದಲ ಎಷ್ಟರ ಮಟ್ಟಿಗೆ ತಾಳೆಯಾಗುತ್ತದೆ ಎಂದು ತಿಳಿಯಲು ಚಿಹ್ನೆ ಸಾಕು. ಸೂಕ್ಷ್ಮತೆ ಸುಮಾರು 64 ಪ್ರತಿಶತಕ್ಕೆ ಇಳಿಯುತ್ತದೆ, ಪ್ರತಿಯಾಗಿ ಮಂಡಲ ಎಷ್ಟೋ ಸರಳವಾಗುತ್ತದೆ. ಕಳೆದುಹೋದ ಅಲೆಯ ಎತ್ತರವನ್ನು ಬೇರೊಂದು ಉಪಾಯದಿಂದ ಅಳೆದುಕೊಂಡರು. ಅದೇ ಗೌರಿಬಿದನೂರಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪನ ಮಾಪಕಗಳ ಸಾಲು 1965ರಲ್ಲಿ ಆರಂಭವಾಯಿತು. ನೆಲದ ಮುಖ್ಯ ಕಂಪನಗಳು ಸೆಕೆಂಡಿಗೆ ಕೆಲವೇ ಸಲದವು. ಅವಕ್ಕೆ ಸೆಕೆಂಡಿಗೆ ಕೆಲವು ಹತ್ತು ಅಳತೆಗಳು ಸಾಕು, ಆದರೆ ಬಿಟ್ಟು ಧಾರಾಳವಾಗಿರಬೇಕು. ಅಳೆಯುವ ವಸ್ತು ಯಾವುದು ಎಂಬುದರ ಮೇಲೆ ಪೆಟ್ಟಿಗೆ. ಅಂಗಡಿಯವನು ಹಾಡಿಗೆ ಬೇಕಾದುದನ್ನು ಮಾರುತ್ತಾನೆ, ನಕ್ಷತ್ರಕ್ಕೆ ಬೇಕಾದುದನ್ನಲ್ಲ.

ಈಗ ಕಿಟ್ಟೂ ಸುಲಭವಾಗಿದೆ. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಲರೇಟರ್ ಸೆಂಟರ್ ರೂಪಿಸಿದ ಎಕ್ಸ್‌ಪೈಸ್ ಎಂಬ 12 ಬಿಟ್ಟಿನ ಪೆಟ್ಟಿಗೆಯ ವಿನ್ಯಾಸ ಎಲ್ಲರಿಗೂ ಮುಕ್ತ. 2005ರಲ್ಲಿ ಇಟಲಿಯಲ್ಲಿ ಹುಟ್ಟಿದ ಆರ್ಡುಯಿನೊ ಫಲಕದ ಊನೊ ಮಾದರಿ 10 ಬಿಟ್ಟಿನದು, ಸಾಮಾನ್ಯ ವೇಗದಲ್ಲಿ ಸೆಕೆಂಡಿಗೆ ಸುಮಾರು 9,600 ಸಲ ಅಳೆಯುತ್ತದೆ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಇದನ್ನು ಮಾಡಿ ನೋಡಿ. ಆರ್ಡುಯಿನೊ 0ಯಿಂದ 5 ವೋಲ್ಟ್ ಮಾತ್ರ ಅಳೆಯುವುದರಿಂದ, 5 ವೋಲ್ಟಿಗೂ ಭೂಮಿಗೂ ನಡುವೆ 10,000 ಓಮ್‌ನ ಎರಡು ರೋಧಕ ಜೋಡಿಸಿ, ಮಧ್ಯಬಿಂದುವಿಗೆ ಮೊಬೈಲಿನ ಇಯರ್‌ಫೋನ್ ಕಿಂಡಿಯ ಸಂಕೇತವನ್ನು 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಮೂಲಕ ಕೊಡಿ. ಆ ಬಿಂದುವನ್ನು ಅಳೆಯುವ ಕಾಲಿಗೆ ಸೇರಿಸಿ. ಸೆಕೆಂಡಿಗೆ 8,000 ಸಲ ಅಳೆದು, ಅಳತೆಗೆ ಒಂದೇ ಬೈಟಿನಂತೆ ಗಣಕಕ್ಕೆ ಕಳಿಸಿ. ಮೊಬೈಲಿನಲ್ಲಿ ಮೊದಲು 3,000 ಹರ್ಟ್ಸ್ ಸ್ವರ, ಆಮೇಲೆ 5,000 ಹರ್ಟ್ಸ್ ಸ್ವರ ನುಡಿಸಿ. ಗಣಕದಲ್ಲಿ ಎರಡೂ 3,000 ಎಂದೇ ಕೇಳಿಸುತ್ತವೆ. ಈಗ ಮಧ್ಯಬಿಂದುವಿಗೂ ಕಾಲಿಗೂ ನಡುವೆ 1,000 ಓಮ್ ರೋಧಕ, ಕಾಲಿನಿಂದ ಭೂಮಿಗೆ 0.047 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ ಮತ್ತೆ ನೋಡಿ. 5,000ದ ಸ್ವರ ಸುಮಾರು ಅರ್ಧಕ್ಕೆ ಇಳಿಯುತ್ತದೆಯೇ ಹೊರತು ಮಾಯವಾಗದು; ನಿಜವಾದ 3,000ವೂ ಮುಕ್ಕಾಲಿಗೆ ಇಳಿದಿರುತ್ತದೆ. ಸೌಂಡ್ ಕಾರ್ಡಿನೊಳಗಿನ ಫಿಲ್ಟರ್ ಏನು ಮಾಡುತ್ತಿದೆ ಎಂಬುದು ಆಗ ಗೊತ್ತಾಗುತ್ತದೆ.