ಅಂಗಿ ಹೊಲಿದದ್ದು ಯಾವ ಊರಲ್ಲಿ?

ಆಸ್ಪತ್ರೆಯ ಔಷಧಾಲಯದಲ್ಲಿ ನನ್ನ ಪಕ್ಕದ ಕೌಂಟರಿನವರು ಸಿರಿಯಾದವರು. ಅವರ ತಮ್ಮ ಯುದ್ಧದ ಹೊತ್ತಿಗೆ ಜೋರ್ಡಾನಿಗೆ ಓಡಿಹೋದವನು. ಅವನೂ ಫಾರ್ಮಸಿ ಓದಿದವನೇ. ಆದರೆ ಅಲ್ಲಿ ಅವನು ಮಾತ್ರೆ ಕೊಡುವಂತಿಲ್ಲ. ವೈದ್ಯಕೀಯ, ಎಂಜಿನಿಯರಿಂಗ್, ಶಿಕ್ಷಕ ವೃತ್ತಿಗಳು ಆ ದೇಶದವರಿಗೇ ಮೀಸಲು. "ಗಾರ್ಮೆಂಟ್ಸಿಗೆ ಹೋಗು ಅಂತಾರಂತೆ" ಎಂದು ಒಂದು ದಿನ ಚಹಾ ಕುಡಿಯುವಾಗ ಹೇಳಿದರು. ಫಾರ್ಮಸಿಸ್ಟನಿಗೂ ಹೊಲಿಗೆ ಯಂತ್ರಕ್ಕೂ ಏನು ನಂಟು ಎಂದು ನಾನು ಓದತೊಡಗಿದ್ದು ಆಮೇಲೆ.

2015ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ನಿರಾಶ್ರಿತರು, ವಲಸಿಗರು ಯುರೋಪು ಸೇರಿದರು. ಉಳಿದವರು ನೆರೆಯ ದೇಶಗಳಲ್ಲೇ ಇರಲಿ ಎಂಬುದು ಯುರೋಪಿನ ಆಸೆ. ಜೋರ್ಡಾನಿನಲ್ಲಿ ಆಗಲೇ ನೋಂದಾಯಿತ ಸಿರಿಯನ್ನರು ಆರು ಲಕ್ಷ ಮೀರಿದ್ದರು. 2016ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಸಭೆ ಸೇರಿತು. ಬರೀ ಸಹಾಯಧನ ಸಾಲದು, ನಮ್ಮ ಮಾಲಿಗೆ ನಿಮ್ಮ ಮಾರುಕಟ್ಟೆ ಬೇಕು ಎಂಬುದು ಜೋರ್ಡಾನಿನ ಪಟ್ಟು. ಬದಲಿಗೆ ಸಿರಿಯನ್ನರಿಗೆ ಎರಡು ಲಕ್ಷ ಉದ್ಯೋಗಾವಕಾಶದ ಮಾತು ಕೊಟ್ಟಿತು.

ತೊಡಕಿದ್ದದ್ದು 'ಮೂಲದ ನಿಯಮ'ದಲ್ಲಿ. ಹೊರಗಿನ ಬಟ್ಟೆ ತರಿಸಿ ಜೋರ್ಡಾನಿನಲ್ಲಿ ಬರೀ ಹೊಲಿದರೆ ಆ ಅಂಗಿ ಜೋರ್ಡಾನಿನದ್ದೆಂದು ಯುರೋಪು ಒಪ್ಪುತ್ತಿರಲಿಲ್ಲ, ಸುಂಕ ಬೀಳುತ್ತಿತ್ತು. ಆ ಜುಲೈಯಲ್ಲಿ ನಿಯಮ ಸಡಿಲಿಸಿತು. ಆದರೆ ಎಷ್ಟು ಷರತ್ತು ನೋಡಿ: 52 ಬಗೆಯ ಮಾಲಿಗೆ ಮಾತ್ರ, 18 ಕೈಗಾರಿಕಾ ವಲಯಗಳಲ್ಲಿ ಮಾತ್ರ, ಕೆಲಸಗಾರರಲ್ಲಿ ಶೇ. 15 ಸಿರಿಯನ್ನರಿರಬೇಕು, ಮೂರನೇ ವರ್ಷದಿಂದ ಶೇ. 25. ಹಣ ಕೊಡುವಾಗ ಇಷ್ಟು ಲೆಕ್ಕ ಹಾಕಿರಲಿಕ್ಕಿಲ್ಲ.

ಆ ಗಾರ್ಮೆಂಟ್ಸುಗಳಲ್ಲಿ ಆಗ ಹೊಲಿಯುತ್ತಿದ್ದವರು ಯಾರು? ಹೆಚ್ಚಿನವರು ಬಾಂಗ್ಲಾದೇಶ, ಶ್ರೀಲಂಕಾ, ಭಾರತ, ನೇಪಾಳದವರು. ಕಾಂಟ್ರಾಕ್ಟಿನ ಮೇಲೆ ಬಂದು ಕಂಪನಿ ಹಾಸ್ಟೆಲಿನಲ್ಲಿ ಮಲಗುವವರು, ಅಂದರೆ ನಮ್ಮ ನಿಮ್ಮಂಥವರು. ನಿರಾಶ್ರಿತನಿಗೆ ಕೊಡುವ ಕುರ್ಚಿ ಇವರಲ್ಲೊಬ್ಬರದೇ ಆಗಬಹುದಿತ್ತು. ಇದನ್ನು ಓದಿದಾಗ ಯಾರ ಪರ ನಿಲ್ಲಬೇಕೆಂದು ನನಗಂತೂ ತಿಳಿಯಲಿಲ್ಲ.

ಹಾಗೇನೂ ಆಗಲಿಲ್ಲ ಅನ್ನಿ. ಆ ಅಂಗಿಗಳು ಬಹುಪಾಲು ಹೋಗುವುದು ಅಮೆರಿಕಕ್ಕೆ. ಅಲ್ಲಿಗೆ ಮೊದಲೇ ಮುಕ್ತ ವ್ಯಾಪಾರ ಒಪ್ಪಂದವಿತ್ತು. ಮಾಲೀಕರಿಗೆ ಯುರೋಪಿನ ಷರತ್ತು ಹೊರುವ ಅವಸರವಿರಲಿಲ್ಲ. ಸಿರಿಯದ ಹೆಂಗಸರಿಗೆ ಕಾರ್ಖಾನೆ ದೂರ, ಸಂಬಳ ಕಡಿಮೆ, ಮನೆಯಲ್ಲಿ ಸಣ್ಣ ಮಕ್ಕಳು. ರಿಯಾಯಿತಿ ಬಳಸಿ ಯುರೋಪಿಗೆ ಮಾಲು ಕಳಿಸಿದ್ದು ಬೆರಳೆಣಿಕೆಯ ಕಂಪನಿಗಳು. 2018ರ ಡಿಸೆಂಬರಿನಲ್ಲಿ ಷರತ್ತುಗಳನ್ನು ಮತ್ತೆ ಸಡಿಲಿಸಿದರು. ಕೆಲಸದ ಪರವಾನಗಿಗಳೇನೋ ಸಾವಿರಗಟ್ಟಲೆ ಆದವು, ಹೆಚ್ಚಾಗಿ ಬೇಸಾಯ ಮತ್ತು ಕಟ್ಟಡ ಕೆಲಸಕ್ಕೆ.

ನಮ್ಮ ಸಹೋದ್ಯೋಗಿಯ ತಮ್ಮನಿಗೂ ಸಿಕ್ಕಿದ್ದು ಬೇಸಾಯದ ಪರವಾನಗಿಯೇ. ಟೊಮೆಟೊ ಕೀಳುತ್ತಾನಂತೆ. ತೋಟದವರಿಗೆ ಜ್ವರ ಬಂದರೆ ಅವನನ್ನೇ ಕೇಳುತ್ತಾರೆ. ಅವನು ಡೋಸ್ ಖಾತ್ರಿ ಮಾಡಿಕೊಳ್ಳಲು ಅಣ್ಣನಿಗೆ ಫೋನ್ ಮಾಡುತ್ತಾನೆ.