ಸೇವಂತಿಗೆ ರಾತ್ರಿಯನ್ನು ಎಣಿಸುತ್ತದೆ

ಒಂದೇ ದಿನ ನೆಟ್ಟ ಸೇವಂತಿಗೆ ಹೊಲದಲ್ಲಿ ಬೀದಿ ದೀಪದ ಕೆಳಗಿನ ಗಿಡಗಳು ಮಾತ್ರ ಮೊಗ್ಗಿಲ್ಲದೆ ಸೊಂಪಾಗಿ ನಿಂತಿರುವುದನ್ನು ನೀವು ನೋಡಿರಬಹುದು. ಹಬ್ಬದ ಪೇಟೆ ಕೈತಪ್ಪಿತೆಂದು ಸಸಿಯನ್ನೋ ಗೊಬ್ಬರವನ್ನೋ ದೂರಬೇಡಿ. ಮೊದಲು ದೀಪದ ಕಡೆ ನೋಡಿ.

ಬೆಳಕಿನಿಂದ ಗಿಡಕ್ಕೆ ಎರಡು ಉಪಯೋಗ. ಮೊದಲನೆಯದು ಆಹಾರ. ಎಲೆಯ ಹಸಿರು ಬಿಸಿಲಿನ ಶಕ್ತಿಯನ್ನು ಹಿಡಿದು, ಗಾಳಿಯಲ್ಲಿನ ಇಂಗಾಲಾಮ್ಲವನ್ನೂ ಬೇರು ತಂದ ನೀರನ್ನೂ ಕೂಡಿಸಿ ಸಕ್ಕರೆ ತಯಾರಿಸುತ್ತದೆ. ಇದೇ ದ್ಯುತಿಸಂಶ್ಲೇಷಣೆ. ಹಗಲು ಮಿಕ್ಕಿದ್ದು ಪಿಷ್ಟವಾಗಿ ಎಲೆಯಲ್ಲಿ ನಿಂತು ರಾತ್ರಿಯ ಖರ್ಚಿಗೆ ಒದಗುತ್ತದೆ. ಮೊಗ್ಗು ಅರಳುವುದೂ ಈ ಗಳಿಕೆಯಿಂದಲೇ. ಮರದ ನೆರಳಿನ ಗಿಡ ಸಪೂರವಾಗಿ ಬೆಳೆದು ಕೆಲವೇ ಹೂ ಬಿಡುವುದು ಗಳಿಕೆ ಸಾಲದ್ದರಿಂದ.

ಎರಡನೆಯದು ಕಾಲದ ಸೂಚನೆ. ಬೇಸಿಗೆಯಲ್ಲಿ ಹೂ ಬಿಡದ ಒಂದು ಹೊಗೆಸೊಪ್ಪಿನ ತಳಿಗೆ ಹಗಲನ್ನು ಮೊಟಕು ಮಾಡಿದರೆ ಹೂ ಬರುತ್ತದೆಂದು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲಿ ಪ್ರಕಟಿಸಿದರು. ಇಂಥ ಗಿಡ ನಿಜವಾಗಿ ಎಣಿಸುವುದು ಎಡೆಬಿಡದ ಕತ್ತಲನ್ನು ಎಂಬುದು ಆಮೇಲೆ ತಿಳಿಯಿತು. ಸೇವಂತಿಗೆಯೂ ಈ ಗುಂಪಿನದೇ. ಬೆಂಗಳೂರಿನ ಸೀಮೆಯಲ್ಲಿ ಜೂನ್ ತಿಂಗಳ ಹಗಲು ಸುಮಾರು 13 ಗಂಟೆ, ಡಿಸೆಂಬರಿನಲ್ಲಿ 11 ಗಂಟೆ 20 ನಿಮಿಷ. ಮುಂಗಾರಿನಲ್ಲಿ ನೆಟ್ಟ ಗಿಡ ಮೊದಲು ಮೈತುಂಬಿಕೊಂಡು, ರಾತ್ರಿ ಬೆಳೆದಂತೆ ಮೊಗ್ಗಿಗೆ ತಿರುಗುತ್ತದೆ. ಹಳೆಯ ದೀರ್ಘಾವಧಿ ಭತ್ತದ ತಳಿಗಳು ಹಿಂದೆ ಮುಂದೆ ಬಿತ್ತಿದರೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ತೆನೆ ಹಾಯುವುದೂ ಇದೇ ಗುಣದಿಂದ.

ತಡವಾಗಿ ನೆಟ್ಟರೆ ತೊಂದರೆ. ಉದ್ದ ರಾತ್ರಿ ಕಂಡ ಎಳೆಯ ಸಸಿ ಗೇಣುದ್ದ ಆಗುವ ಮೊದಲೇ ಮೊಗ್ಗು ಕಟ್ಟುತ್ತದೆ, ಇಳುವರಿ ಬಾರದು. ಅದಕ್ಕೇ ಬೆಳೆಗಾರರು ಹೊಲದಲ್ಲಿ ಸಾಲಾಗಿ ಬಲ್ಬು ಕಟ್ಟುತ್ತಾರೆ. ನಾಟಿಯಾದ ಮೇಲೆ ಸುಮಾರು ಒಂದು ತಿಂಗಳು, ರಾತ್ರಿ 10ರಿಂದ 2 ಗಂಟೆಯವರೆಗೆ ದೀಪ ಉರಿಸಿದರೆ ಉದ್ದ ರಾತ್ರಿ ಎರಡು ತುಂಡಾಗುತ್ತದೆ. ಗಿಡ ಮೊಗ್ಗು ತಡೆದು ಕವಲೊಡೆಯುತ್ತದೆ. ದೀಪ ನಿಲ್ಲಿಸಿದ 8ರಿಂದ 10 ವಾರಗಳಲ್ಲಿ ಅನೇಕ ತಳಿಗಳು ಹೂ ಕೊಡುತ್ತವೆ. ಯುಗಾದಿಗೆ ಹೂ ಬೇಕೆಂದರೆ ಹಬ್ಬದಿಂದ ಹಿಂದಕ್ಕೆ ವಾರ ಎಣಿಸಿ ದೀಪ ನಿಲ್ಲಿಸುವ ದಿನವನ್ನು ಗೊತ್ತು ಮಾಡಿಕೊಳ್ಳಿ. ತಳಿಯಿಂದ ತಳಿಗೆ ಅವಧಿ ಬೇರೆ. ಮೊದಲ ವರ್ಷ ನಾಲ್ಕು ಸಾಲಿನಲ್ಲಿ ಮಾಡಿ ನೋಡಿ.

ಒಂದು ಮಾತು ನೆನಪಿರಲಿ. ಬಲ್ಬಿನ ಬೆಳಕು ಗಿಡಕ್ಕೆ ಕಾಲವನ್ನು ಮರೆಸುತ್ತದೆಯೇ ಹೊರತು ಹೊಟ್ಟೆ ತುಂಬಿಸದು. ಅದಕ್ಕೆ ಬಿಸಿಲೇ ಬೇಕು. ಆದ್ದರಿಂದ ಸೇವಂತಿಗೆಗೆ ನೆರಳಿಲ್ಲದ ಜಾಗ ಆರಿಸಿ, ಗಿಡಗಳನ್ನು ಒತ್ತಾಗಿ ನೆಡಬೇಡಿ. ಮೊಗ್ಗು ಬರುವ ಕಾಲದಲ್ಲಿ ಪಂಪ್‌ಸೆಟ್ ಮನೆಯ ದೀಪವನ್ನು ಮರೆಯದೆ ಆರಿಸಿ ಮಲಗಿ.